ಅಪೇಕ್ಷೆ, ಚೋದ್ಯ, ಅವಕಾಶ

ಗಡಿನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಒಂದೇ ಶಬ್ದದ ಎರಡು ಅರ್ಥಗಳನ್ನು ಜೊತೆಯಾಗಿ ಹೊತ್ತು ನಡೆಯುವುದು ಅಭ್ಯಾಸವಾಗಿಬಿಟ್ಟಿದೆ. ಕನ್ನಡದಲ್ಲಿ ಅಪೇಕ್ಷೆ ಎಂದರೆ ಮನಸ್ಸಿನ ಬಯಕೆ. ಮಲಯಾಳದಲ್ಲಿ ‘ಅಪೇಕ್ಷ’ ಎಂದರೆ ಕಚೇರಿಯ ಮೇಜಿನ ಮೇಲೆ ಇಡುವ ಅರ್ಜಿ. ನಮಗೆ ಚೋದ್ಯವೆಂದರೆ ಬೆರಗು; ಮಲಯಾಳದಲ್ಲಿ ‘ಚೋದ್ಯ’ವೆಂದರೆ ಪ್ರಶ್ನೆ. ನಮಗೆ ಅವಕಾಶವೆಂದರೆ ಯಾರೋ ಒದಗಿಸಿಕೊಡಬೇಕಾದ ಸಂದರ್ಭ. ಮಲಯಾಳದಲ್ಲಿ ‘ಅವಕಾಶ’ವೆಂದರೆ ಹಕ್ಕು. ಸಂಸ್ಕೃತದ ಒಂದೇ ಗಿಡದಿಂದ ಕಿತ್ತ ಹೂವುಗಳು ಚಂದ್ರಗಿರಿಯ ಎರಡು ದಡಗಳಲ್ಲಿ ಬೇರೆ ಬೇರೆ ಪರಿಮಳವನ್ನು ಪಡೆದಿವೆ. ಈ ವ್ಯತ್ಯಾಸವನ್ನು ನಾವು ನಿಘಂಟು ತೆರೆದು ಕಲಿತದ್ದಲ್ಲ. ನಮ್ಮ ಊರಿನ ಶಾಲೆಗೆ ಒಬ್ಬ ಗಣಿತದ ಅಧ್ಯಾಪಕರು ಬಂದ ಸಂದರ್ಭದಲ್ಲಿ ಕಲಿತೆವು. ಆ ಕಥೆಯನ್ನು ಈ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ದಾಖಲಿಸಿಡಬೇಕೆಂದು ನಮಗೆ ತೋರಿತು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರೌಢಶಾಲೆಯ ಕನ್ನಡ ಮಾಧ್ಯಮದ ತರಗತಿಗೆ ಹೊಸದಾಗಿ ನೇಮಕಗೊಂಡ ಅಧ್ಯಾಪಕರು ದಕ್ಷಿಣದ ಜಿಲ್ಲೆಯೊಂದರಿಂದ ಬಂದರು. ತರುಣರು, ವಿಷಯದಲ್ಲಿ ನಿಪುಣರು, ಸಮಯಕ್ಕೆ ಸರಿಯಾಗಿ ತರಗತಿಗೆ ಬರುವವರು. ಒಂದೇ ಕೊರತೆ, ಅವರಿಗೆ ಕನ್ನಡದ ಒಂದಕ್ಷರವೂ ತಿಳಿಯದು. ನಮ್ಮ ಮನೆಯ ಹುಡುಗಿ ಆ ವರ್ಷ ಎಂಟನೆಯ ತರಗತಿಯಲ್ಲಿದ್ದಳು. ಒಂದು ಸಂಜೆ ಅವಳ ಪುಸ್ತಕವನ್ನು ತೆರೆದು ನೋಡಿದಾಗ ಅದರಲ್ಲಿ ಅಂಕಿಗಳಿದ್ದವು, ಸಮೀಕರಣಗಳಿದ್ದವು; ವಾಕ್ಯಗಳಿರಲಿಲ್ಲ. ತೋಟದ ಉದ್ದಗಲ, ರೈಲಿನ ವೇಗ, ಬಡ್ಡಿಯ ಲೆಕ್ಕ ಮುಂತಾಗಿ ಮಾತಿನಲ್ಲಿ ಕೇಳುವ ಪ್ರಶ್ನೆಗಳ ಎದುರೆಲ್ಲ ಪುಟ ಖಾಲಿ. “ಅವರು ಹೇಳುವುದು ನಮಗೆ ತಿಳಿಯುವುದಿಲ್ಲ, ನಾವು ಕೇಳುವುದು ಅವರಿಗೆ ತಿಳಿಯುವುದಿಲ್ಲ, ಹಾಗಾಗಿ ಈಗ ಯಾರೂ ಕೇಳುವುದಿಲ್ಲ” ಎಂದಳು. ಮಗುವೊಂದು ತರಗತಿಯಲ್ಲಿ ಕೇಳುವುದನ್ನು ಬಿಟ್ಟಿತೆಂದರೆ ಅದರ ಕಲಿಕೆ ಅಲ್ಲಿಗೆ ನಿಂತಿತೆಂದೇ ಅರ್ಥ. ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಶಾಲೆಯ ಬಾಗಿಲಲ್ಲಿ ಧರಣಿ ಕೂರಬೇಕೆಂದು ಊರಿನ ಕೆಲವರು ಹೇಳಿದರು. ಅದಕ್ಕೆ ಮುಂಚೆ ಒಮ್ಮೆ ಆ ಅಧ್ಯಾಪಕರನ್ನು ಕಾಣೋಣವೆಂದು ನಾವು ನಾಲ್ಕು ಮಂದಿ ಹೋದೆವು. ಕೋಪದಿಂದ ಹೋದ ನಮ್ಮೆದುರು ಅವರು ಮೇಜಿನ ಡ್ರಾಯರ್ ತೆರೆದು ಒಂದು ಕಾಪಿ ಪುಸ್ತಕವನ್ನು ತೆಗೆದಿಟ್ಟರು. ಅದರಲ್ಲಿ ಪುಟ್ಟ ಮಕ್ಕಳ ಕೈಬರಹದಂತೆ ಅ, ಆ, ಇ, ಈ ತಿದ್ದಿದ್ದವು. “ನಾನು ಕೇಳಿಕೊಂಡು ಬಂದವನಲ್ಲ. ಪಟ್ಟಿಯಲ್ಲಿ ಹೆಸರಿತ್ತು, ಆದೇಶ ಬಂತು. ಮಕ್ಕಳೇ ನನಗೆ ಅಕ್ಷರ ಕಲಿಸುತ್ತಿದ್ದಾರೆ” ಎಂದರು. ನಮ್ಮ ಕೋಪಕ್ಕೆ ನಿಲ್ಲಲು ಜಾಗವಿಲ್ಲದಂತಾಯಿತು. ತಪ್ಪು ಈ ಮನುಷ್ಯನದಲ್ಲ. ಎಲ್ಲಿಯೋ ಒಂದು ಕಡತದಲ್ಲಿದೆ. ಆದರೆ ಕಡತವನ್ನು ಪ್ರಶ್ನಿಸುವುದು ಹೇಗೆ?

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ಒಂದು ಅಪೇಕ್ಷೆ ಬರೆದೆವು. ಕನ್ನಡದಲ್ಲಿಯೇ ಬರೆದೆವು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿನೊಡನೆ, ಇಲಾಖಾ ಮುಖ್ಯಸ್ಥರ ಕಚೇರಿಗಳೊಡನೆ ಹಾಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಲಾದಲ್ಲಿನ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಬಹುದು; ಉತ್ತರವೂ ಅದೇ ಭಾಷೆಯಲ್ಲಿ ಬರತಕ್ಕದ್ದು. ಸಂವಿಧಾನದ 350ನೆಯ ವಿಧಿ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಕೊಡುತ್ತದೆ. ರಾಜ್ಯಗಳ ಪುನರ್ವಿಂಗಡಣೆಯ ಜೊತೆಯಲ್ಲಿಯೇ 1956ರ ಏಳನೆಯ ತಿದ್ದುಪಡಿಯ ಮೂಲಕ ಬಂದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ಇವೆಲ್ಲವನ್ನೂ ಮನವಿಯಲ್ಲಿ ಕಾಣಿಸಿದೆವು. ಬಹಳ ದಿನಗಳ ಬಳಿಕ ಕಚೇರಿಯಿಂದ ಮಲಯಾಳದಲ್ಲಿ ಒಂದು ಕಾಗದ ಬಂತು. ನಮ್ಮ ‘ಅಪೇಕ್ಷ’ಯ ಮಲಯಾಳ ಅನುವಾದವನ್ನು ಕಳುಹಿಸಿಕೊಡಬೇಕೆಂದು ಅದರಲ್ಲಿತ್ತು. ಕನ್ನಡ ಬಲ್ಲ ಅಧ್ಯಾಪಕರಿಲ್ಲವೆಂಬ ದೂರನ್ನು ಓದಲು ಕನ್ನಡ ಬಲ್ಲ ಗುಮಾಸ್ತರಿರಲಿಲ್ಲ! ನಕ್ಕೆವು, ನಕ್ಕು ಅನುವಾದ ಮಾಡಿ ಕಳುಹಿಸಿದೆವು.

ಆಗ ನಮಗೆ ದಾರಿ ತೋರಿಸಿದವರು ಊರಿನ ಹಿರಿಯ ವಕೀಲರೊಬ್ಬರು. “ಅರ್ಜಿಗೆ ಉತ್ತರಿಸದಿದ್ದರೂ ಕಚೇರಿ ನಡೆಯುತ್ತದೆ. ಶಾಸನಸಭೆಯ ಪ್ರಶ್ನೆಗೆ ಮಂತ್ರಿಯೇ ಉತ್ತರಿಸಬೇಕು. ಶಾಸಕರ ಮೂಲಕ ಕೇಳಿಸಿ” ಎಂದರು. ನಾವು ಉತ್ಸಾಹದಿಂದ ಎರಡು ಪುಟಗಳ ಪ್ರಶ್ನೆಯೊಂದನ್ನು ಬರೆದೊಯ್ದೆವು. ‘ಗಡಿನಾಡ ಕನ್ನಡಿಗರ ಮೇಲೆ ದಶಕಗಳಿಂದ ನಡೆಯುತ್ತಿರುವ ಅನ್ಯಾಯವನ್ನು ಸರಕಾರ ಯಾವಾಗ ನಿಲ್ಲಿಸುವುದು?’ ಎಂದು ಅದು ಆರಂಭವಾಗುತ್ತಿತ್ತು. ವಕೀಲರು ಓದಿ, ಕನ್ನಡಕ ತೆಗೆದು, “ಇದು ಭಾಷಣ. ಇದಕ್ಕೆ ಮಂತ್ರಿ ‘ಅನ್ಯಾಯ ನಡೆದಿಲ್ಲ’ ಎಂದು ಎರಡು ಪದಗಳಲ್ಲಿ ಉತ್ತರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಉತ್ತರ ಕೊಡದೆ ತಪ್ಪಿಸಿಕೊಳ್ಳಲಾಗದಂತೆ ಕೇಳುವುದೇ ಪ್ರಶ್ನೆ” ಎಂದರು. ಬಳಿಕ ಅವರೇ ಕೂತು ಬರೆಸಿದರು: (ಅ) ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ತಿಳಿಯದವರು ನೇಮಕಗೊಂಡಿರುವುದು ಗಮನಕ್ಕೆ ಬಂದಿದೆಯೆ? (ಆ) ಬಂದಿದ್ದರೆ, ಅಂತಹ ಹುದ್ದೆಗಳು ಎಷ್ಟು, ಯಾವ ಶಾಲೆಗಳಲ್ಲಿ? (ಇ) ನೇಮಕದ ಪೂರ್ವದಲ್ಲಿ ಭಾಷಾಜ್ಞಾನವನ್ನು ಪರೀಕ್ಷಿಸುವ ಕ್ರಮವೇನು? (ಈ) ಆಯಾ ತರಗತಿಗಳಲ್ಲಿರುವ ಮಕ್ಕಳ ಸಂಖ್ಯೆ ಎಷ್ಟು? ಎರಡು ಪುಟಗಳ ನಮ್ಮ ನೋವು ನಾಲ್ಕು ಸಾಲಾಯಿತು. ಬರೆದು ಮುಗಿದಾಗ ಏನನ್ನೋ ಕಳೆದುಕೊಂಡಂತೆ ಅನಿಸಿದ್ದು ನಿಜ.

ಈ ನಾಲ್ಕು ಸಾಲುಗಳ ಹಿಂದೆ ಎಷ್ಟು ದೊಡ್ಡ ಇತಿಹಾಸವಿದೆಯೆಂಬುದನ್ನು ನಾವು ಆಮೇಲೆ ತಿಳಿದೆವು. ನಮ್ಮ ಹಿರಿಯರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1861ರ ಕಾಯಿದೆಯಂತೆ ರಚಿತವಾದ ಶಾಸನ ಪರಿಷತ್ತುಗಳಲ್ಲಿ ಸರಕಾರವನ್ನು ಪ್ರಶ್ನಿಸುವ ಹಕ್ಕೇ ಇರಲಿಲ್ಲ. 1892ರಲ್ಲಿ ಪ್ರಶ್ನೆ ಕೇಳಲು ಅನುಮತಿ ಬಂತು. ಆದರೆ ಉತ್ತರದಿಂದ ತೃಪ್ತಿಯಾಗದಿದ್ದರೆ ಮತ್ತೆ ಕೇಳುವಂತಿಲ್ಲ. 1909ರ ಸುಧಾರಣೆಯಲ್ಲಿ ಪ್ರಶ್ನೆ ಕೇಳಿದ ಸದಸ್ಯನಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ದೊರೆಯಿತು. 1919ರ ಬಳಿಕ ಅದು ಎಲ್ಲ ಸದಸ್ಯರಿಗೂ ವಿಸ್ತರಿಸಿತು. ‘ಹಾಗಾದರೆ...’ ಎಂದು ಎದ್ದುನಿಂತು ಎರಡನೆಯ ಸಲ ಕೇಳುವ ಹಕ್ಕನ್ನು ಗಳಿಸಲು ನಮ್ಮ ದೇಶಕ್ಕೆ ಸುಮಾರು ಅರ್ಧ ಶತಮಾನ ಬೇಕಾಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಭಾಗವಾಯಿತು. ಮರುವರ್ಷ ನಡೆದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಅವಿರೋಧವಾಗಿ ಆಯ್ಕೆಯಾದರು. ಅನಂತರ ಕೆ. ಮಹಾಬಲ ಭಂಡಾರಿಯವರು ಕರ್ನಾಟಕ ಸಮಿತಿಯ ದನಿಯಾಗಿ ಅದೇ ಸಭೆಯಲ್ಲಿ ಕುಳಿತರು. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು; ಶಿಫಾರಸು ಶಿಫಾರಸಾಗಿಯೇ ಉಳಿಯಿತು. ನಾವು ಎಲ್ಲಿರಬೇಕಾಗಿತ್ತು ಎಂಬ ಚರ್ಚೆಯಲ್ಲಿ ಒಂದು ತಲೆಮಾರು ಕಳೆಯಿತು. ನಾವು ಇರುವಲ್ಲಿ ನಮಗೆ ಸಲ್ಲಬೇಕಾದದ್ದು ಸಲ್ಲುತ್ತಿದೆಯೆ ಎಂದು ವರ್ಷವರ್ಷವೂ ಲೆಕ್ಕ ಕೇಳುವ ಕೆಲಸ ಅಷ್ಟೇ ಮುಖ್ಯವಾಗಿತ್ತೆಂದು ಈಗ ತೋರುತ್ತದೆ. ಆ ಚರ್ಚೆಯ ಹಿಂದಿದ್ದ ನೋವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ನಮ್ಮ ಯೌವನವೂ ಅದರಲ್ಲಿಯೇ ಕಳೆದಿದೆ.

ಶಾಸಕರ ಕಚೇರಿ ನಮ್ಮ ಪ್ರಶ್ನೆಯನ್ನು ಸ್ವೀಕರಿಸಿತು. ಅದೇ ಅಧಿವೇಶನದಲ್ಲಿ ಸಭೆಯನ್ನು ಕಣ್ಣಾರೆ ನೋಡಬೇಕೆಂದು ನಾವು ಮೂವರು ರೈಲು ಹತ್ತಿದೆವು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತಿರುವನಂತಪುರಕ್ಕೆ 550ಕ್ಕೂ ಹೆಚ್ಚು. ಇಡೀ ರಾತ್ರಿ ಕೇರಳದ ಉದ್ದವನ್ನು ಅಳೆಯುತ್ತ ಹೋದರೆ ಬೆಳಗಿಗೆ ರಾಜಧಾನಿ. 1998ರಲ್ಲಿ ಅಂದಿನ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಉದ್ಘಾಟಿಸಿದ ಭವ್ಯ ಸಭಾಭವನ. ಸಂದರ್ಶಕರ ಗ್ಯಾಲರಿಯಲ್ಲಿ ಕುಳಿತಾಗ ‘ಚೋದ್ಯೋತ್ತರ ವೇಳ’ ಆರಂಭವಾಗಿತ್ತು. ಒಂದೇ ಗಂಟೆಯ ಅವಧಿ. ಸಭಾಧ್ಯಕ್ಷರು ಸಂಖ್ಯೆಯನ್ನು ಕೂಗುತ್ತಾರೆ, ಸದಸ್ಯರು ಏಳುತ್ತಾರೆ, ಮಂತ್ರಿಗಳು ಉತ್ತರಿಸುತ್ತಾರೆ, ಉಪಪ್ರಶ್ನೆಗಳ ಸುರಿಮಳೆ. ರಸ್ತೆ, ಆಸ್ಪತ್ರೆ, ಪಿಂಚಣಿ, ಕುಡಿಯುವ ನೀರು. ಆಳುವ ಪಕ್ಷದವರು ಹೊಗಳಿಕೆಗೆ ದಾರಿ ಮಾಡಿಕೊಡುವ ಪ್ರಶ್ನೆಯನ್ನೂ ವಿರೋಧ ಪಕ್ಷದವರು ಬೈಗುಳಕ್ಕೆ ಪೀಠಿಕೆಯಾಗುವ ಪ್ರಶ್ನೆಯನ್ನೂ ಕೇಳುವುದುಂಟು. ಆದರೂ ನಡುವೆ ಒಮ್ಮೊಮ್ಮೆ ಯಾರೋ ಒಬ್ಬರು ಸಣ್ಣ ದನಿಯಲ್ಲಿ ಒಂದು ದಿನಾಂಕವನ್ನೋ ಒಂದು ಸಂಖ್ಯೆಯನ್ನೋ ಕೇಳುತ್ತಾರೆ. ಮಂತ್ರಿಗಳು ತಡವರಿಸಿ, ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವುದನ್ನು ಕಾಯುತ್ತಾರೆ. ನಮ್ಮ ವಕೀಲರು ಹೇಳಿದ್ದು ಆಗ ಕಣ್ಣಿಗೆ ಕಂಡಿತು.

ನಮ್ಮ ಪ್ರಶ್ನೆ? ಅದು ಕೇಳಿಬರಲೇ ಇಲ್ಲ. ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿತ್ತು. ಅದಕ್ಕೆ ಲಿಖಿತ ಉತ್ತರ ಮಾತ್ರ. ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಮಾತ್ರ ಮೌಖಿಕ ಉತ್ತರ ಮತ್ತು ಉಪಪ್ರಶ್ನೆ. ಇಷ್ಟು ದೂರ ಬಂದು ಮೌನದ ಪ್ರಶ್ನೆಯನ್ನು ಕೇಳಿಸಿಕೊಂಡು ಹೋದೆವೆಂದು ಹಿಂದಿರುಗುವ ರೈಲಿನಲ್ಲಿ ತಮಾಷೆ ಮಾಡಿಕೊಂಡೆವು.

ಆ ಗ್ಯಾಲರಿಯಲ್ಲಿ ಕುಳಿತಾಗ ಇನ್ನೊಂದು ವಿಚಾರ ಮನಸ್ಸಿಗೆ ಬಂತು. ಸಂವಿಧಾನದ 210ನೆಯ ವಿಧಿಯಂತೆ ಸಭೆಯ ವ್ಯವಹಾರ ರಾಜ್ಯದ ಅಧಿಕೃತ ಭಾಷೆಯಲ್ಲಿ, ಇಲ್ಲವೇ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಇವುಗಳಲ್ಲಿ ತನ್ನ ಮಾತನ್ನು ಸಮರ್ಪಕವಾಗಿ ಹೇಳಲಾಗದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿಸಬಹುದು. 2021ರಲ್ಲಿ ಮಂಜೇಶ್ವರದ ಶಾಸಕ ಎ. ಕೆ. ಎಂ. ಅಶ್ರಫ್ ಕನ್ನಡದಲ್ಲಿಯೂ ದೇವಿಕುಳಂನ ಶಾಸಕ ಎ. ರಾಜ ತಮಿಳಿನಲ್ಲಿಯೂ ಪ್ರಮಾಣವಚನ ಸ್ವೀಕರಿಸಿದಾಗ ನಾವು ಹಿಗ್ಗಿದ್ದೆವು. ಪ್ರಮಾಣ ಒಂದು ದಿನದ್ದು, ಪ್ರಶ್ನೆ ಐದು ವರ್ಷದ್ದು. ಬ್ರಿಟನ್ನಿನ ವೇಲ್ಸಿನಲ್ಲಿ 1999ರಿಂದ ಒಂದು ಶಾಸನಸಭೆಯಿದೆ. ಆರೋಗ್ಯ, ಶಿಕ್ಷಣ ಮೊದಲಾದ ಅಧಿಕಾರಗಳನ್ನು ಲಂಡನ್ನಿನಿಂದ ಪಡೆದ ಸರಕಾರವನ್ನು ಅದು ಪ್ರಶ್ನಿಸುತ್ತದೆ. 2021ರ ಜನಗಣತಿಯಂತೆ ಅಲ್ಲಿ ವೆಲ್ಷ್ ಭಾಷೆಯನ್ನು ಆಡಬಲ್ಲವರು ನೂರಕ್ಕೆ ಹದಿನೆಂಟರಷ್ಟು ಮಂದಿ ಮಾತ್ರ. ಆದರೂ ಸದಸ್ಯರು ವೆಲ್ಷ್ ಭಾಷೆಯಲ್ಲಿಯೇ ಮಂತ್ರಿಗಳನ್ನು ಪ್ರಶ್ನಿಸಬಹುದು, ತಿಳಿಯದವರು ಕಿವಿಗೆ ಯಂತ್ರವಿಟ್ಟುಕೊಂಡು ಅನುವಾದ ಕೇಳಿಸಿಕೊಳ್ಳುತ್ತಾರೆ. ಅಲ್ಲಿ ಯಾರೂ ‘ನನಗೆ ಬೇರೆ ಭಾಷೆ ಬಾರದು’ ಎಂದು ಅನುಮತಿ ಬೇಡಬೇಕಾಗಿಲ್ಲ. ಕನ್ನಡದ ಅವಕಾಶಕ್ಕೂ ಮಲಯಾಳದ ‘ಅವಕಾಶ’ಕ್ಕೂ ಇರುವ ಅಂತರ ಇದೇ ಅಲ್ಲವೆ?

ನಮ್ಮ ಗಡಿಯ ಬದುಕಿನಲ್ಲಿ ಪ್ರಶ್ನೆಗೆ ಇನ್ನೊಂದು ತೊಡಕಿದೆ. ನಮ್ಮ ಶಾಸಕರು ಪ್ರಶ್ನಿಸಬಹುದಾದ ಸರಕಾರ ತಿರುವನಂತಪುರದ್ದು. ನಮ್ಮ ರೋಗಿಗಳನ್ನು ಮಲಗಿಸುವ ಆಸ್ಪತ್ರೆಗಳು ಮಂಗಳೂರಿನವು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಗಡಿರಸ್ತೆಗಳು ಮುಚ್ಚಿ ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತಾಗ, ಯಾವ ಸಭೆಯಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ ನಾವು ಕಂಗೆಟ್ಟೆವು. ಕೊನೆಗೆ ಪ್ರಶ್ನೆ ನ್ಯಾಯಾಲಯಗಳ ಮೆಟ್ಟಿಲೇರಬೇಕಾಯಿತು. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ; ಆ ಕಟ್ಟಡದಲ್ಲಿ ರೋಗಿಗಳಿಗೆ ಹಾಸಿಗೆ ಹಾಕಿದ್ದು ಕೋವಿಡ್ ಬಂದ ಮೇಲೆ. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಉತ್ತರದ ಬೆಲೆಯನ್ನು ನಾವು ಆ ವರ್ಷ ತೆತ್ತೆವು.

ಎಂಡೋಸಲ್ಫಾನ್ ಕಥೆಯೂ ಇದನ್ನೇ ಹೇಳುತ್ತದೆ. ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗ ಮೊದಲಾದ ಕಡೆಗಳಲ್ಲಿ ಹುಟ್ಟುವ ಮಕ್ಕಳನ್ನು ನೋಡಿ ಮೊದಲು ಪ್ರಶ್ನೆ ಕೇಳಿದವರು ಮಂತ್ರಿಗಳಲ್ಲ, ಶಾಸಕರಲ್ಲ. ಹಳ್ಳಿಯ ವೈದ್ಯರಾದ ಡಾ. ವೈ. ಎಸ್. ಮೋಹನ್ ಕುಮಾರ್, ಕೃಷಿಕ ಬರಹಗಾರರಾದ ಶ್ರೀಪಡ್ರೆಯಂತಹವರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಅದನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಜಗಲಿಯಲ್ಲಿ ಹುಟ್ಟಿದ ಪ್ರಶ್ನೆ ಸಭೆಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಗುವಷ್ಟರಲ್ಲಿ ಎಷ್ಟೋ ತೊಟ್ಟಿಲುಗಳು ಬರಿದಾಗಿದ್ದವು.

ಇನ್ನು ನಮ್ಮ ಪ್ರಶ್ನೆಯ ಉತ್ತರ. ಅದರ ಪ್ರತಿ ಅಂಚೆಯಲ್ಲಿ ಬಂದ ದಿನ ಸಂಘದ ಕೋಣೆಯಲ್ಲಿ ಎಲ್ಲರೂ ಸೇರಿದೆವು. (ಅ)ಗೆ ಉತ್ತರ: ‘ಶ್ರದ್ಧಯಿಲ್ ಪೆಟ್ಟಿಟ್ಟುಂಡ್’, ಅಂದರೆ ಗಮನಕ್ಕೆ ಬಂದಿದೆ. ಆ ಒಂದು ಮಾತಿಗಾಗಿ ನಾವು ಎಷ್ಟು ಬಾಗಿಲು ತಟ್ಟಿದ್ದೆವು! (ಆ)ಗೆ: ‘ವಿವರಂ ಶೇಖರಿಚ್ಚು ವರುನ್ನು’, ವಿವರ ಸಂಗ್ರಹಿಸಲಾಗುತ್ತಿದೆ. (ಇ)ಗೆ ನಿಯಮಗಳ ಉಲ್ಲೇಖ. ಆದರೆ (ಈ)ಗೆ ಮಾತ್ರ ಪೂರ್ಣ ಉತ್ತರವಿತ್ತು. ನಮ್ಮ ಶಾಲೆಯ ಕನ್ನಡ ತರಗತಿಗಳ ಮಕ್ಕಳ ಸಂಖ್ಯೆ, ವರ್ಷವರ್ಷದ್ದು, ಪಟ್ಟಿಯಾಗಿ ಇತ್ತು. ಇಳಿಯುವ ಮೆಟ್ಟಿಲಿನಂತೆ ಒಂದರ ಕೆಳಗೊಂದು ಸಣ್ಣದಾಗುತ್ತ ಹೋದ ಅಂಕಿಗಳು.

ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು. ಕೇರಳದಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಶಾಲೆಗಳಲ್ಲಿ ತಲೆಯೆಣಿಕೆ ನಡೆಯುತ್ತದೆ. ಹುದ್ದೆ ಉಳಿಯುವುದೂ ಹೋಗುವುದೂ ಆ ಎಣಿಕೆಯ ಮೇಲೆ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಆ ಕಾಗದವನ್ನು ಬಹಳ ಹೊತ್ತು ನೋಡಿ, “ಉಳಿದ ಮೂರು ಉತ್ತರಗಳನ್ನು ಸರಕಾರ ಬರೆದದ್ದು. ನಾಲ್ಕನೆಯದನ್ನು ಬರೆದವರು ನಾವು” ಎಂದರು. ಆ ಮನವಿಗೆ ಸಹಿ ಹಾಕಿದ ನಮ್ಮಲ್ಲಿ ಎಷ್ಟು ಮಂದಿಯ ಮೊಮ್ಮಕ್ಕಳು ಕನ್ನಡ ಮಾಧ್ಯಮದಲ್ಲಿದ್ದಾರೆಂದು ಯಾರೂ ಜೋರಾಗಿ ಎಣಿಸಲಿಲ್ಲ, ಮನಸ್ಸಿನಲ್ಲಿಯೇ ಎಣಿಸಿಕೊಂಡೆವು. ನಮ್ಮ ಮನೆಯ ಹುಡುಗಿ ಅಲ್ಲಿದ್ದಳು, ನಿಜ. ಆದರೆ ಅವಳ ತಮ್ಮನನ್ನು ನಾವು ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸಿ ಆಗಲೇ ಎರಡು ವರ್ಷ ಕಳೆದಿತ್ತು. ಕಾರಣಗಳು ನಮ್ಮಲ್ಲಿದ್ದವು: ಕನ್ನಡ ಮಾಧ್ಯಮಕ್ಕೆ ಅಧ್ಯಾಪಕರಿಲ್ಲ, ಮುಂದೆ ಕೆಲಸವಿಲ್ಲ. ಅಧ್ಯಾಪಕರಿಲ್ಲದ್ದರಿಂದ ಮಕ್ಕಳಿಲ್ಲ, ಮಕ್ಕಳಿಲ್ಲದ್ದರಿಂದ ಅಧ್ಯಾಪಕರಿಲ್ಲ. ಈ ಗಾಣದಲ್ಲಿ ಸುತ್ತುವ ಎತ್ತುಗಳಲ್ಲಿ ನಾವೂ ಒಂದೆಂದು ಆ ಕಾಗದ ಹೇಳಿತು. ಇಷ್ಟಾದರೂ ಸರಕಾರದ ಹೊಣೆ ಕಡಿಮೆಯಾಗಲಿಲ್ಲ. ಇರುವ ಮಕ್ಕಳು ಹನ್ನೊಂದಾಗಲಿ ಒಂದಾಗಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಕಲಿಸಬೇಕಾದದ್ದೇ.

ಆ ವರ್ಷದ ಕ್ರಿಸ್ಮಸ್ ರಜೆಯ ಬಳಿಕ ಕನ್ನಡ ಬಲ್ಲ ಅಧ್ಯಾಪಿಕೆಯೊಬ್ಬರು ತಾತ್ಕಾಲಿಕವಾಗಿ ಬಂದರು. ಮೊದಲಿನವರು ಮಲಯಾಳ ತರಗತಿಗೆ ಹೋದರು. ಬೀಳ್ಕೊಡುವಾಗ ಕಪ್ಪುಹಲಗೆಯ ಮೇಲೆ ಕನ್ನಡದಲ್ಲಿ ‘ನಮಸ್ಕಾರ ಮಕ್ಕಳೇ’ ಎಂದು ಬರೆದರಂತೆ, ಒಂದು ಒತ್ತಕ್ಷರ ತಪ್ಪಿ. ಹುಡುಗಿಯರು ಅದನ್ನು ತಿದ್ದದೆ ಒಂದು ದಿನ ಹಾಗೆಯೇ ಉಳಿಸಿಕೊಂಡರು. ನಮ್ಮ ಹುಡುಗಿ ಗಣಿತದಲ್ಲಿ ತೇರ್ಗಡೆಯಾದಳು. ಕಳೆದುಹೋದ ಆರು ತಿಂಗಳ ಪಾಠ ಮಾತ್ರ ಯಾವ ಉತ್ತರದಲ್ಲಿಯೂ ಹಿಂದಿರುಗಲಿಲ್ಲ.

ತಾತ್ಕಾಲಿಕವೆಂಬ ಪದ ನಮ್ಮನ್ನು ಸುಮ್ಮನಿರಲು ಬಿಡುವುದಿಲ್ಲ. ಸಭೆಯಲ್ಲಿ ಮಂತ್ರಿಗಳು ಕೊಟ್ಟ ಭರವಸೆಗಳ ಬೆನ್ನುಹತ್ತಲು ಶಾಸನಸಭೆಯಲ್ಲಿ ಒಂದು ಭರವಸೆ ಸಮಿತಿಯೇ ಇದೆಯೆಂದು ಈಗ ನಮಗೆ ಗೊತ್ತು. ‘ಸಂಗ್ರಹಿಸಲಾಗುತ್ತಿರುವ’ ವಿವರ ಎಲ್ಲಿಗೆ ಬಂತೆಂದು ಕೇಳುವ ಇನ್ನೊಂದು ಪ್ರಶ್ನೆಯನ್ನು ಶಾಸಕರಿಗೆ ಕೊಟ್ಟಿದ್ದೇವೆ. ಅದಕ್ಕಿಂತ ಹತ್ತಿರದ ಸಭೆಯೂ ನಮಗಿದೆ. 1996ರ ಜನಕೀಯ ಯೋಜನೆಯೊಡನೆ ರಾಜ್ಯದ ಯೋಜನಾ ಹಣದ ಶೇಕಡ 35ರಿಂದ 40ರಷ್ಟು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವ ತೀರ್ಮಾನವಾಯಿತು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರಗಳು ಪಂಚಾಯತಿನ ಕೈಗೆ ಬಂದವು. ಮತದಾರರಲ್ಲಿ ಶೇಕಡ 10 ಮಂದಿ ಕೂಡಿದರೆ ಗ್ರಾಮಸಭೆ. ಅಲ್ಲಿ ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿ ಭಾಷೆಯಲ್ಲಿ, ಮರಾಠಿಯಲ್ಲಿ ಕೇಳಬಹುದು. ಯಾರ ಅನುಮತಿಯೂ ಬೇಕಾಗಿಲ್ಲ. ಬಡಿಯಡ್ಕ ಪಂಚಾಯತಿನ ಅಧ್ಯಕ್ಷ ಪೀಠದಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕುಳಿತಿದ್ದ ನಾಡಿದು. ಆದರೂ ಗ್ರಾಮಸಭೆಯ ಬಹುತೇಕ ಕುರ್ಚಿಗಳು ಖಾಲಿಯಿರುವುದನ್ನು, ಸೌಲಭ್ಯದ ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ಬಂದು ಸಹಿ ಹಾಕಿ ಹೋಗುವುದನ್ನು ನಾವು ನೋಡುತ್ತಿದ್ದೇವೆ.

ಸಹೃದಯರಾದ ಸಂಘ ಬಾಂಧವರಲ್ಲಿ ನಮ್ಮದೊಂದು ಅಪೇಕ್ಷೆ. ಅದನ್ನು ಕನ್ನಡದ ಅರ್ಥದಲ್ಲಿಯೂ ಮಲಯಾಳದ ಅರ್ಥದಲ್ಲಿಯೂ ಸ್ವೀಕರಿಸಬಹುದು. ಸಮ್ಮೇಳನಗಳಲ್ಲಿ ನಾವು ನಿರ್ಣಯಗಳನ್ನು ಸ್ವೀಕರಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಊಟ ಮಾಡಿ ಮನೆಗೆ ಹೋಗುತ್ತೇವೆ. ಈ ಸಲ ಪ್ರತಿಯೊಂದು ನಿರ್ಣಯದ ಕೆಳಗೆ ನಾಲ್ಕು ಸಾಲಿನ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗೋಣ: ಎಷ್ಟು, ಎಲ್ಲಿ, ಎಂದಿನಿಂದ, ಯಾರ ಹೊಣೆ ಎಂದು. ಕೊನೆಯ ಸಾಲಿನಲ್ಲಿ ನಮ್ಮ ಲೆಕ್ಕವನ್ನೂ ಸೇರಿಸೋಣ. ನಮ್ಮ ಮನೆಯ ಹುಡುಗನ ಬಸ್ಸಿನ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ಮನೆಯಲ್ಲಿ ಮಾತು ನಡೆಯುತ್ತಿದೆ. ಬರುವ ಜೂನಿನ ಆರನೆಯ ದಿನಕ್ಕೆ ಮುಂಚೆ ಉತ್ತರ ಕೊಡಬೇಕಾಗಿದೆ.